ಟ್ರಾಂಡ್‌ಹೈಮಿನ ಅರಸನೂ ನನ್ನ ಮಗುವೂ

ನಾರ್ವೆ ದೇಶದ ಟ್ರಾಂಡ್‌ಹೈಮ್ ಎಂಬ ಊರನ್ನು ನಾನು ನೋಡಿಲ್ಲ, ಇನ್ನು ನೋಡುವ ಆಸೆಯೂ ಇಲ್ಲ. ಆದರೆ ಆ ಊರು ಹೇಗೆ ಹುಟ್ಟಿತು, ಅಲ್ಲಿಯ ದೊಡ್ಡ ಚರ್ಚು ಯಾಕೆ ಅದೇ ಜಾಗದಲ್ಲಿ ನಿಂತಿದೆ ಎಂದು ಯಾರಾದರೂ ಕೇಳಿದರೆ ನಿದ್ದೆಗಣ್ಣಲ್ಲಿ ಎಬ್ಬಿಸಿದರೂ ಹೇಳಬಲ್ಲೆ. ಹುಟ್ಟಿ ಬೆಳೆದ ಮೈಸೂರಿನ ಚರಿತ್ರೆ ಕೇಳಿ ನೋಡಿ, ಎರಡು ಮಾತಿಗೇ ತಡವರಿಸುತ್ತೇನೆ. ಮೈಸೂರಿನದನ್ನು ಪರೀಕ್ಷೆಗೆಂದು ಓದಿ ಮರೆತವಳು ನಾನು. ಟ್ರಾಂಡ್‌ಹೈಮಿನದನ್ನು ನೈರೋಬಿಯಲ್ಲಿ ಕೂತು ಈ ಬೆರಳುಗಳಿಂದಲೇ ಟೈಪ್ ಮಾಡಿದೆ.

ನಾವು ನೈರೋಬಿಗೆ ಹೋದದ್ದು ಎಂಬತ್ತರ ದಶಕದ ನಡುವಿನಲ್ಲಿ. ನಮ್ಮವರಿಗೆ ಇಂಡಸ್ಟ್ರಿಯಲ್ ಏರಿಯಾದ ಬಟ್ಟೆ ಗಿರಣಿಯೊಂದರಲ್ಲಿ ಬಣ್ಣ ಹಾಕುವ ವಿಭಾಗದ ಮೇಲ್ವಿಚಾರಣೆ. ಸಂಜೆ ಬಂದಾಗ ಅವರ ಉಗುರಿನ ಸಂದಿಯಲ್ಲಿ ಯಾವ ಬಣ್ಣವಿದೆಯೆಂದು ನೋಡಿ ಆವತ್ತು ಗಿರಣಿಯಲ್ಲಿ ಏನು ಓಡಿತೆಂದು ನಾನು ಹೇಳುತ್ತಿದ್ದೆ. ಕೇಳಿದರೆ ಹೇಳುವ ಮನುಷ್ಯ ಅಲ್ಲ ಅವರು, ಹೊಟ್ಟೆಯೊಳಗೆ ಇಟ್ಟುಕೊಳ್ಳುವ ಜಾತಿ. ಇಬ್ಬರಿಗೂ ಆಗುವಷ್ಟು ಮಾತು ನನ್ನ ಹತ್ತಿರ ಇತ್ತು. ಸಿಟ್ಟೂ ಇತ್ತು, ಮೂಗಿನ ತುದಿಯಲ್ಲೇ. ಗಂಡನ ಪರ್ಮಿಟ್ಟಿನ ಮೇಲೆ ಬಂದ ಹೆಂಡತಿ ಅಲ್ಲಿ ಸಂಬಳದ ಕೆಲಸಕ್ಕೆ ಹೋಗುವಂತಿರಲಿಲ್ಲ. ಸೀನಿಯರ್ ಟೈಪಿಂಗ್ ಪಾಸು ಮಾಡಿ, ಮೆಷೀನನ್ನು ಮೈಸೂರಿಂದ ಹೊತ್ತುಕೊಂಡು ಹೋಗಿ, ಕಿಲಿಮಾನಿಯ ಫ್ಲಾಟಿನಲ್ಲಿ ಅದಕ್ಕೆ ಕಸೂತಿ ಬಟ್ಟೆ ಹೊದಿಸಿ ದೇವರ ಹಾಗೆ ಕೂರಿಸಿದ್ದೆ.

ಮರುವರ್ಷ ನಮಗೊಂದು ಹೆಣ್ಣುಮಗು ಹುಟ್ಟಿತು. ಹುಟ್ಟುವಾಗಲೇ ಎದೆಯೊಳಗೆ ಏನೋ ಸರಿಯಿರಲಿಲ್ಲವಂತೆ. ಆಸ್ಪತ್ರೆಯವರು ಕೈಲಾದದ್ದೆಲ್ಲ ಮಾಡಿದರು. ನಾಮಕರಣಕ್ಕೆಂದು ಪರಿಚಯದ ಮಂಗಳೂರಿನ ಕುಟುಂಬವೊಂದರಿಂದ ತೊಟ್ಟಿಲು ತಂದಿಟ್ಟಿದ್ದೆವು. ಮಗು ಆ ದಿನದವರೆಗೆ ಉಳಿಯಲಿಲ್ಲ. ತೊಟ್ಟಿಲನ್ನು ಹಾಗೇ ವಾಪಸು ಕಳಿಸಿದೆವು.

ಹಲ್ಲು ಬಾರದ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ತಾಯಿ ಜೊತೆಗೆ ಹೋಗುವ ಹಾಗಿಲ್ಲ. ಹೂತ ಜಾಗಕ್ಕೆ ಗುರುತು ಇಡುವ ಹಾಗಿಲ್ಲ. ಬರುವಾಗ ತಿರುಗಿ ನೋಡುವ ಹಾಗಿಲ್ಲ, ನೋಡಿದರೆ ಆ ಜೀವ ತನ್ನ ದಾರಿ ಹಿಡಿಯದೆ ಹಿಂದೆಯೇ ಬಂದುಬಿಡುತ್ತದಂತೆ. ತಿಥಿಯಿಲ್ಲ, ಶ್ರಾದ್ಧವಿಲ್ಲ. ಊರಲ್ಲಾಗಿದ್ದರೆ ಇದನ್ನೆಲ್ಲ ಹೇಳುವುದಕ್ಕೆ ಅಜ್ಜಿಯರು ಇರುತ್ತಿದ್ದರು. ನೈರೋಬಿಯ ಕನ್ನಡದವರಿಗೆ ಅಜ್ಜಿ, ಪುರೋಹಿತ ಎರಡೂ ಆಗಿದ್ದವರು ಒಬ್ಬ ವಯಸ್ಸಾದ ಡಾಕ್ಟರು. ಬಹಳ ವರ್ಷದಿಂದ ಅಲ್ಲೇ ನೆಲೆಸಿದ್ದವರು. ಮದುವೆಯಾಗಲಿ ಸಾವಾಗಲಿ ಅವರು ಹೇಳಿದ್ದೇ ಶಾಸ್ತ್ರ. ಅವರೂ ನಮ್ಮವರೂ ಮಗುವನ್ನು ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಕಾರಿನಲ್ಲಿ ಹೋದರು. ಹಿಂದೂಗಳ ಸ್ಮಶಾನದ ಹಿಂದೆ, ನದಿಯ ಕಡೆಗೆ ಇಳಿಯುವ ಇಳಿಜಾರನ್ನು ಮಕ್ಕಳಿಗೆಂದು ಬಿಟ್ಟಿದ್ದರಂತೆ. ವಾಪಸು ಬಂದು ಇಬ್ಬರೂ ಸ್ನಾನ ಮಾಡಿದರು. ಎಲ್ಲಿ, ಯಾವ ಕಡೆ ಎಂದು ನಾನು ಕೇಳಿದೆ.

“ಕೇಳ್ಬಾರ್ದಮ್ಮ,” ಎಂದರು ಡಾಕ್ಟರು. ನಮ್ಮವರು ಟವೆಲಿನಲ್ಲಿ ಮುಖ ಒರೆಸುತ್ತಲೇ ಇದ್ದರು.

ಆವತ್ತಿನಿಂದ ನನಗೆ ಬೇಕಾಗಿದ್ದದ್ದು ಒಂದೇ, ಆ ಜಾಗ. ಮಗು ಬೇಕು ಎಂದು ಕೇಳಲು ನಾನೇನು ಹುಚ್ಚಿಯೇ? ಹೋದವರು ಬರುವುದಿಲ್ಲ ಎಂದು ಗೊತ್ತಿತ್ತು. ಎಲ್ಲಿ ಮಲಗಿಸಿದ್ದಾರೆ ಎಂದು ತಿಳಿದರೆ ಸಾಕಾಗಿತ್ತು. ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು ನಾನು ಬಸುರಿಯಾಗಿದ್ದಾಗ ಮಗುವಿಗೆ ಏನು ಹೆಸರಿಡುತ್ತೀರಿ ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಅವರಲ್ಲಿ ಹೆಂಗಸನ್ನು ಮೊದಲ ಮಗುವಿನ ಹೆಸರು ಹಿಡಿದು ಇಂಥವರ ಮಾಮಾ, ಅಂದರೆ ಇಂಥವರ ತಾಯಿ, ಎಂದು ಕರೆಯುವ ಪದ್ಧತಿ. ಆಮೇಲೆ ಅವಳು “ಪೋಲೆ, ಮಾಮಾ” ಎಂದು ನನ್ನ ಕೈ ಹಿಡಿದು ದುಃಖ ಹೇಳಿದಳು. ಅಂದಿನಿಂದ ಬರೀ ಮಾಮಾ ಎಂದೇ ಕರೆದಳು. ಆ ಮಾತಿನ ಮುಂದೆ ಒಂದು ಹೆಸರು ಬರಬೇಕಾಗಿತ್ತು ಎಂದು ನನಗೆ ಪ್ರತಿಸಲವೂ ಅನ್ನಿಸುತ್ತಿತ್ತು.

ಒಂದೆರಡು ವರ್ಷ ಹೀಗೇ ಹೋಯಿತು. ಮತ್ತೆ ಬಸುರಾಗಲಿಲ್ಲ. ಹೊತ್ತು ಹೋಗದೆ ಒಂದು ದಿನ ಮೆಷೀನಿನ ಬಟ್ಟೆ ತೆಗೆದು ಹಳೆಯ ಪೇಪರೊಂದನ್ನು ಮುಂದಿಟ್ಟುಕೊಂಡು ಟೈಪ್ ಮಾಡತೊಡಗಿದೆ. ದಿನವೂ ಮಧ್ಯಾಹ್ನ ಅದೇ ಕೆಲಸ. ಒಂದು ವಾರ ಕಳೆದಿರಬೇಕು, ಮೇಲಿನ ಫ್ಲಾಟಿನ ಬಿಳಿ ಹೆಂಗಸು ಬಂದು ಬಾಗಿಲು ತಟ್ಟಿದಳು. ಐವತ್ತು ದಾಟಿದ ವಯಸ್ಸು, ಗಂಡಸರ ಹಾಗೆ ಕತ್ತರಿಸಿದ ತಲೆಗೂದಲು. ಗಲಾಟೆ ಎಂದು ಜಗಳಕ್ಕೆ ಬಂದಿದ್ದಾಳೆ, ಬರಲಿ, ನಾನೂ ನೋಡುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡೇ ಬಾಗಿಲು ತೆಗೆದೆ. ಅವಳು ನನ್ನ ಹಿಂದೆ ಮೆಷೀನನ್ನು ನೋಡಿ, ನನಗೊಂದಷ್ಟು ಪುಟ ಟೈಪ್ ಮಾಡಿಕೊಡುತ್ತೀಯಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕಟ್ಟಿಕೊಂಡ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದೆ ಕಾಫಿ ಮಾಡಿಕೊಟ್ಟೆ.

ಅವಳ ಗಂಡ ಇಂಜಿನಿಯರು, ಅವರ ದೇಶವಾದ ನಾರ್ವೆಯ ನೆರವಿನಿಂದ ಉತ್ತರದ ಬರಡು ಸೀಮೆಯಲ್ಲಿ ರಸ್ತೆ ಮಾಡಿಸುತ್ತಿದ್ದ. ತಿಂಗಳಿಗೊಮ್ಮೆ ಮನೆ ಕಾಣುತ್ತಿದ್ದ. ಅವಳು ನೈರೋಬಿಯಲ್ಲಿದ್ದ ನಾರ್ವೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಆ ಮಕ್ಕಳಲ್ಲಿ ಅರ್ಧದಷ್ಟು ಹುಟ್ಟಿದ್ದೇ ಆಫ್ರಿಕಾದಲ್ಲಿ, ಅವಕ್ಕೆ ಸ್ವಂತ ಊರಿನ ಗಂಧಗಾಳಿ ಇಲ್ಲ, ಬೇರೆ ದೇಶದ ಮಕ್ಕಳ ಜೊತೆ ಕಲಿತು ಇಂಗ್ಲಿಷೇ ನಾಲಗೆಗೆ ಹತ್ತಿದೆ ಎಂದು ಅವಳಿಗೆ ಬೇಸರ. ನಮ್ಮವರ ಮಕ್ಕಳ ಕಥೆಯೂ ಅದೇ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಎಂದೆ. ಅದಕ್ಕೇ ಅವಳು ತನ್ನ ಊರಾದ ಟ್ರಾಂಡ್‌ಹೈಮಿನ ಮೊದಲ ದಿನಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಮಕ್ಕಳಿಗಾಗಿ ಬರೆಯುತ್ತಿದ್ದಳು. ಅಕ್ಷರವೋ ಕೋಳಿ ಕೆದರಿದ ಹಾಗೆ. ಓದಲಾಗದ ಕಡೆ ಅವಳು ಪಕ್ಕದಲ್ಲಿ ಕೂತು ಬಾಯಲ್ಲೇ ಹೇಳಬೇಕಾಯಿತು. ಹೀಗಾಗಿ ನಾನು ಆ ಚರಿತ್ರೆಯನ್ನು ಓದಿದ್ದಕ್ಕಿಂತ ಕೇಳಿದ್ದೇ ಹೆಚ್ಚು.

ನಿಡ್ ಎಂಬ ನದಿ ಸಮುದ್ರ ಸೇರುವ ಮುನ್ನ ಒಂದು ದೊಡ್ಡ ಸುತ್ತು ಹಾಕುತ್ತದೆ. ಆ ಸುತ್ತಿನೊಳಗೆ ಸಿಕ್ಕ ನೆಲ ಹೆಚ್ಚುಕಡಿಮೆ ದ್ವೀಪವೇ, ಒಂದು ಕಡೆ ಮಾತ್ರ ಸಣ್ಣ ಕತ್ತಿನಷ್ಟು ಭೂಮಿ. ಆ ಕತ್ತನ್ನು ಕಾದರೆ ಊರು ಕಾದ ಹಾಗೆ. ಸಾವಿರ ವರ್ಷದ ಹಿಂದೆ ಹಡಗಿನಲ್ಲಿ ಬಂದ ಒಬ್ಬ ಅರಸ ಅಲ್ಲಿ ಮನೆ ಕಟ್ಟಿಸಿ, ವ್ಯಾಪಾರದವರಿಗೆ ಜಾಗ ಕೊಟ್ಟ. ಊರಿಗೆ ಬೇರೆ ಹೆಸರೂ ಸಿಗಲಿಲ್ಲ, ನದಿಯ ಬಾಯಿ ಎಂದೇ ಕರೆದರು, ಅವರ ಭಾಷೆಯಲ್ಲಿ ನಿಡರೋಸ್. ಆ ನದಿಯ ಬಾಯಲ್ಲಿ ರೈತರೆಲ್ಲ ಸೇರುವ ಬಯಲೊಂದಿತ್ತು. ಎಂಥ ಶೂರನಾದರೂ ಅಲ್ಲಿ ಬಂದು ನಿಂತು, ಆ ರೈತರು ಹೂಂ ಎಂದ ಮೇಲೆಯೇ ಅರಸನೆನ್ನಿಸಿಕೊಳ್ಳಬೇಕಿತ್ತಂತೆ. ನಮ್ಮ ಪಂಚಾಯಿತಿ ಕಟ್ಟೆಯೇ ಮೇಲು, ಅಲ್ಲಿ ಕೂತವರು ಯಾರಿಗೂ ಹೂಂ ಎನ್ನುವುದಿಲ್ಲ ಎಂದು ನಾನು ಹೇಳಿದ್ದಕ್ಕೆ ಅವಳು ಬಹಳ ಹೊತ್ತು ನಕ್ಕಳು.

ಊರೆಲ್ಲ ಮರದ ಮನೆ. ಒಂದು ಮನೆಗೆ ಬೆಂಕಿ ಬಿದ್ದರೆ ಬೀದಿಗೆ ಬೀದಿಯೇ ಹೋಗುತ್ತಿತ್ತು. ಅದೇ ಬೂದಿಯ ಮೇಲೆ ಮತ್ತೆ ಕಟ್ಟುತ್ತಿದ್ದರು. ಅವಳು ಊರಲ್ಲಿದ್ದಾಗ ನೆಲ ಅಗೆದು ಹಳೆಯದನ್ನು ಹುಡುಕುವವರ ಜೊತೆ ಒಂದಷ್ಟು ತಿಂಗಳು ಕೆಲಸ ಮಾಡಿದ್ದಳಂತೆ. ಮಣ್ಣು, ಬೂದಿ, ಮಣ್ಣು, ಬೂದಿ ಎಂದು ಕೈಯಲ್ಲಿ ಅಂತಸ್ತು ಅಂತಸ್ತಾಗಿ ತೋರಿಸುತ್ತಿದ್ದಳು. ಒಂದು ಅಂತಸ್ತಿನಲ್ಲಿ ಕೊಂಬಿನ ಬಾಚಣಿಗೆ, ಇನ್ನೊಂದರಲ್ಲಿ ಚರ್ಮದ ಪುಟ್ಟ ಚಪ್ಪಲಿ. ಹಳೆಯ ಚರ್ಚೊಂದರ ತಳಪಾಯದ ಒತ್ತಿಗೆ ಎಳೆ ಮಕ್ಕಳ ಮೂಳೆಗಳು ಸಿಕ್ಕವಂತೆ. ಗೋಡೆಗೆ ಹತ್ತಿರವಾಗಿ, ಸೂರಿನ ನೀರು ಬೀಳುವ ಕಡೆ ಇಟ್ಟಿದ್ದರು ಎಂದಳು. ನನ್ನ ಬೆರಳು ಕೀಲಿಯ ಮೇಲೆ ನಿಂತುಬಿಟ್ಟಿತು. ಅವಳು ಅದನ್ನು ಗಮನಿಸಲಿಲ್ಲ, ಮುಂದಿನ ಪುಟ ಹುಡುಕುತ್ತಿದ್ದಳು.

ಆಮೇಲೆ ಬಂದದ್ದು ಇನ್ನೊಬ್ಬ ಅರಸನ ಕಥೆ. ಊರು ಕಟ್ಟಿದವನಲ್ಲ, ಅವನ ನಂತರದವನು. ಸ್ವಂತ ನಾಡಿನವರೇ ಎದುರು ನಿಂತು ಯುದ್ಧದಲ್ಲಿ ಅವನನ್ನು ಕೊಂದರು. ಹೆಣ ವೈರಿಗಳ ಕೈಗೆ ಸಿಗಬಾರದೆಂದು ಒಬ್ಬ ರೈತ ಅದನ್ನು ದೋಣಿಯಲ್ಲಿ ಅಡಗಿಸಿ ತಂದು, ನದಿಯ ದಂಡೆಯ ಮರಳಲ್ಲಿ ಕದ್ದು ಹೂತ. ಗುರುತಿಲ್ಲ, ಕಲ್ಲಿಲ್ಲ. ಆದರೆ ಎಲ್ಲಿ ಎಂದು ಆ ರೈತನಿಗೆ ಗೊತ್ತಿತ್ತು. ವರ್ಷ ಕಳೆದು ಜನರ ಮನಸ್ಸು ತಿರುಗಿದಾಗ ಅವನು ಬಂದು ತೋರಿಸಿದ. ಅಗೆದು ನೋಡಿದರೆ ಮುಖ ಮಲಗಿದವನ ಹಾಗಿತ್ತಂತೆ, ಕೂದಲು ಉಗುರು ಬೆಳೆದಿದ್ದವಂತೆ. ಬಿಷಪ್ಪು ಇದು ಪವಾಡ ಎಂದ. ಅಲ್ಲಿದ್ದ ರಾಜಮನೆತನದ ಹೆಂಗಸೊಬ್ಬಳು ಮಾತ್ರ, ಮರಳಲ್ಲಿ ಹೂತದ್ದು ಬೇಗ ಕೊಳೆಯುವುದಿಲ್ಲ, ಮಣ್ಣಲ್ಲಿ ಹೂತಿದ್ದರೆ ಗೊತ್ತಾಗುತ್ತಿತ್ತು ಎಂದಳಂತೆ. ಅವಳ ಬಾಯಿ ಮುಚ್ಚಿಸಿದರು. ನನಗೆ ಆ ಇಡೀ ಚರಿತ್ರೆಯಲ್ಲಿ ಇಷ್ಟವಾದವಳು ಅವಳೊಬ್ಬಳೇ. ಖಂಡಿತ ನಮ್ಮ ಕಡೆಯವಳು.

ಹೂತಿದ್ದ ಕಡೆ ನೀರಿನ ಒರತೆ ಎದ್ದಿತು, ರೋಗ ವಾಸಿಯಾಗುತ್ತದೆ ಎಂದು ಜನ ಬಂದರು. ಮೊದಲು ಮರದ ಗುಡಿ, ಆಮೇಲೆ ಕಲ್ಲಿನ ಚರ್ಚು, ಅದರ ಮೇಲೆ ಇನ್ನೂ ದೊಡ್ಡದು. ಎಷ್ಟು ಸಲ ಕಟ್ಟಿದರೂ ಪೂಜೆಯ ವೇದಿಕೆಯನ್ನು ಮಾತ್ರ ಅರಸನ ಗೋರಿಯಿದ್ದ ಜಾಗದಿಂದ ಅಲ್ಲಾಡಿಸಲಿಲ್ಲವಂತೆ. ದೂರ ದೂರದ ದೇಶಗಳಿಂದ ಜನ ನಡೆದುಕೊಂಡು ಬಂದರು. ಬಂದವರಿಗೆ ಛತ್ರ, ಛತ್ರದವರಿಗೆ ಅಂಗಡಿ, ಅಂಗಡಿಯವರಿಗೆ ಮನೆ. ಒಂದು ಗೋರಿಯ ಸುತ್ತ ಒಂದು ನಗರವೇ ಬೆಳೆದು ನಿಂತಿತು. ಇಲ್ಲಿಗೆ ನನ್ನ ಪುಸ್ತಕದ ಅರ್ಧ ಮುಗಿಯಿತು ಎಂದು ಅವಳು ಖುಷಿಯಲ್ಲಿದ್ದಳು. ನಿನಗೆ ಮಕ್ಕಳೆಷ್ಟು ಎಂದು ಆವತ್ತೇ, ಅಷ್ಟು ದಿನದ ಮೇಲೆ, ಕೇಳಿದಳು.

ಒಂದಿತ್ತು, ಹೋಯಿತು ಎಂದೆ. ಅವಳು ಕುರ್ಚಿ ಹತ್ತಿರ ಎಳೆದುಕೊಂಡು, ಎಲ್ಲಿದೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನನ್ನ ಇಂಗ್ಲಿಷು ಸರಿಯಾಗಿಲ್ಲ ಎಂದುಕೊಂಡಳೋ ಏನೋ, ಮತ್ತೆ ಬಿಡಿಸಿ ಕೇಳಿದಳು, ಯಾವ ಜಾಗದಲ್ಲಿ ಹೂತಿದ್ದೀರಿ ಎಂದು. ಇದೇ ಊರಿನಲ್ಲಿ, ಆದರೆ ಜಾಗ ನನಗೆ ಗೊತ್ತಿಲ್ಲ, ತಾಯಿಗೆ ಗೊತ್ತಿರಬಾರದು, ನಮ್ಮಲ್ಲಿ ಹಾಗೇ ಎಂದೆ. ಅವಳ ಮುಖ ಬಿಳಿಚಿಕೊಂಡಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಮ್ಮ ಶಾಸ್ತ್ರಕ್ಕೆ ಮುಖ ಸಿಂಡರಿಸಲು ಇವಳು ಯಾರು? ಸತ್ತವನ ಉಗುರು ಕೂದಲು ನೋಡಿ ಕೈಮುಗಿದ ಜನ! ಅದನ್ನು ಹೇಳಿಯೂ ಬಿಟ್ಟೆ. ಅವಳು ಕೋಪಿಸಿಕೊಳ್ಳಲಿಲ್ಲ. ನಿನ್ನ ಗಂಡನಿಗೆ ಗೊತ್ತಿದೆಯಲ್ಲ, ಕೇಳು ಎಂದಷ್ಟೇ ಹೇಳಿ ಮೇಲೆ ಹೋದಳು.

ಗಂಡನನ್ನು ಕೇಳಿದೆ. ಬೇಡ ಕಣೇ ಎಂದರು. ಯಾಕೆ ಬೇಡ ಎಂದೆ. ಡಾಕ್ಟರು ಬೇಡ ಅಂದಿದ್ದಾರೆ ಎಂದರು. ಡಾಕ್ಟರ ಮಗುವೋ ನನ್ನ ಮಗುವೋ ಎಂದು ಕೂಗಾಡಿದೆ. ತಟ್ಟೆಯ ಮುಂದಿಂದ ಎದ್ದು ಹೋದರು. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು. ಎಷ್ಟೋ ತಿಂಗಳು ಹೀಗೇ, ನಾನು ಕೇಳುವುದು, ಅವರು ಏಳುವುದು. ಗಂಡಸರಿಗೆ ಕರುಳಿಲ್ಲ ಎಂದು ಮೇಲಿನವಳ ಹತ್ತಿರ ಅತ್ತೆ. ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ, ಸ್ಮಶಾನ ಕಾಯುವವನನ್ನು ಕೇಳೋಣ, ಯಾರಾದರೂ ಅಗೆದಿರಲೇಬೇಕಲ್ಲ ಎಂದು ಅವಳು ಧೈರ್ಯ ಹೇಳಿದಳು. ಅವಳಿಗೆ ಶಾಲೆಗೆ ರಜೆ ಬರುವ ಶನಿವಾರಕ್ಕೆ ಹೋಗುವುದೆಂದು ಮಾತಾಯಿತು.

ಆ ಶನಿವಾರ ಬರಲಿಲ್ಲ. ತೊಂಬತ್ತನೆಯ ಇಸವಿಯಲ್ಲಿ ಕೀನ್ಯಾ ಸರ್ಕಾರಕ್ಕೂ ನಾರ್ವೆಗೂ ಮನಸ್ತಾಪವಾಗಿ ಸಂಬಂಧವೇ ಕಡಿದುಹೋಯಿತು. ನೆರವಿನ ಕೆಲಸಕ್ಕೆ ಬಂದಿದ್ದವರೆಲ್ಲ ಗಂಟು ಕಟ್ಟಬೇಕಾಯಿತು. ದೊಡ್ಡವರ ಜಗಳದಲ್ಲಿ ನನ್ನಂಥವಳ ಶನಿವಾರ ಯಾರ ಲೆಕ್ಕಕ್ಕೆ? ಮೇಲಿನ ಮನೆಯಲ್ಲಿ ಪೆಟ್ಟಿಗೆ ಎಳೆಯುವ ಸದ್ದು ಕೇಳಿ ಹೋದರೆ ಅವಳು ನೆಲದ ಮೇಲೆ ಕೂತು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು. ಗಂಡ ಉತ್ತರದಿಂದ ಇನ್ನೂ ಬಂದಿರಲಿಲ್ಲ, ಅರ್ಧ ಮಾಡಿದ ರಸ್ತೆ ಅಲ್ಲೇ ಬಿಟ್ಟು ಬರಬೇಕಂತೆ. ನಾನು ಅವಳ ಎದುರು ಕೂತು ಲೋಟಗಳನ್ನು ಸುತ್ತಿದೆ. ಪುಸ್ತಕದಲ್ಲಿ ಬರೆಯದೆ ಬಿಟ್ಟಿದ್ದ ಕೊನೆಯನ್ನು ಅವಳು ಆಗ ಹೇಳಿದಳು. ಎಷ್ಟೋ ನೂರು ವರ್ಷದ ಮೇಲೆ ಧರ್ಮ ಬದಲಾಯಿತು, ಆ ಅರಸನ ಹೆಣವನ್ನು ಇಟ್ಟಿದ್ದ ಬೆಳ್ಳಿಯ ಪೆಟ್ಟಿಗೆಯನ್ನು ಪರದೇಶಕ್ಕೆ ಸಾಗಿಸಿದರು. ಪೂಜೆಯೇ ನಿಲ್ಲಲಿ ಎಂದು ಹೆಣವನ್ನು ಚರ್ಚಿನೊಳಗೆ ಎಲ್ಲೋ ಹೂತು ಮಣ್ಣು ಮುಚ್ಚಿದರು. ಎಲ್ಲಿ ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲವಂತೆ.

“ಅಂದ್ರೆ ನಿಮ್ಮ ಇಡೀ ಊರಿಗೂ ಗೊತ್ತಿಲ್ಲ,” ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಗೆಲುವೂ ಇತ್ತು.

“ಗೊತ್ತಿಲ್ಲ,” ಎಂದಳು. “ಆದ್ರೆ ಆ ನೆಲದ ಮೇಲೆ ಹೋಗಿ ನಿಲ್ಲೋಕಾದ್ರೂ ಆಗತ್ತೆ. ನೀನು ನಿಂತೂ ಇಲ್ಲ.”

ಎರಡು ದಿನದಲ್ಲಿ ಹೊರಟುಹೋದಳು. ಟೈಪ್ ಮಾಡಿದ ಪುಟಗಳನ್ನು ಕೈಚೀಲದಲ್ಲಿಟ್ಟುಕೊಂಡು, ಹೋಗು, ಖಂಡಿತ ಹೋಗು ಎಂದು ನನ್ನ ಭುಜ ಹಿಡಿದು ಹೇಳಿದಳು. ನಮ್ಮವರು ಅವಳ ಪೆಟ್ಟಿಗೆ ಇಳಿಸಿಕೊಟ್ಟರು. ನನಗೆ ಕೈಕಾಲು ಮುರಿದ ಹಾಗಾಯಿತು. ಮಟಾಟು ವ್ಯಾನು ಹತ್ತಿ ಒಬ್ಬಳೇ ಸ್ಮಶಾನಕ್ಕೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗಿದ್ದೆ. ಗೇಟಿನವರೆಗೆ. ಕಾವಲಿನವನು ಹೊಸಬ, ಯಾರು ಬೇಕು ಮಾಮಾ ಎಂದು ಕೇಳಿದ. ಏನು ಹೇಳಲಿ? ಹೆಸರು ಬೇಕಲ್ಲ. ವಾಪಸು ಬಂದೆ.

ಮುಂದಿನ ವರ್ಷದ ಮೊದಲಲ್ಲಿ ಡಾಕ್ಟರು ಹೃದಯ ನಿಂತು ತೀರಿಕೊಂಡರು. ಅದಾದ ಮೇಲೆ ಸ್ವಲ್ಪ ದಿನಕ್ಕೆ ಗಿರಣಿಯವರು ನಮ್ಮವರ ಕಾಂಟ್ರಾಕ್ಟು ಮುಂದುವರಿಸುವುದಿಲ್ಲ ಎಂದರು. ಊರಿಗೆ ಹೊರಡುವುದು ನಿಶ್ಚಯವಾಯಿತು. ನಾನು ಪಾತ್ರೆ ಕಟ್ಟಲಿಲ್ಲ, ಬಟ್ಟೆ ಮಡಿಸಲಿಲ್ಲ. ಜಾಗ ತೋರಿಸದೆ ನಾನು ವಿಮಾನ ಹತ್ತುವುದಿಲ್ಲ, ನೀವೊಬ್ಬರೇ ಹೋಗಿ ಎಂದೆ. ಕೂಗಿ ಹೇಳಲಿಲ್ಲ. ಅದಕ್ಕೇ ಹೆದರಿದರೋ ಏನೋ. ಆ ಶನಿವಾರ ಗಿರಣಿಯಿಂದ ಮಧ್ಯಾಹ್ನವೇ ಬಂದು, “ನಡಿ,” ಎಂದರು.

ಒಂದು ಬಾಟಲಿಯಲ್ಲಿ ಹಾಲು ತೆಗೆದುಕೊಂಡೆ. ಮಗುವಿಗೆ ಹಾಲು ಎರೆಯುವುದು ನಮ್ಮಲ್ಲಿ ಉಂಟು, ಅದನ್ನು ಗಂಡಸರು ಆವತ್ತೇ ಮುಗಿಸಿರುತ್ತಾರೆ. ಮುಗಿಸಿದ್ದರೆ ಮುಗಿಸಿರಲಿ, ನಾನು ಎರೆದಿರಲಿಲ್ಲ. ಸ್ಮಶಾನದ ಹಿಂದಿನ ಗೋಡೆಯಲ್ಲೊಂದು ಸಣ್ಣ ಗೇಟು. ಅದನ್ನು ದಾಟಿದರೆ ಇಳಿಜಾರು, ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ನೀಲಗಿರಿ ಮರ. ಕೆಳಗೆ ನದಿ ಕಪ್ಪಗೆ ಹರಿಯುತ್ತಿತ್ತು. ದಂಡೆಯಲ್ಲಿ ಯಾರೋ ಸೊಪ್ಪಿನ ಮಡಿ ಮಾಡಿದ್ದರು. ಗೋರಿಯೆಂದು ಹೇಳುವ ಒಂದು ದಿಬ್ಬವೂ ಇಲ್ಲ. ನಮ್ಮವರು ಗೇಟಿನಲ್ಲಿ ಒಂದು ಕ್ಷಣ ನಿಂತು ಸುತ್ತ ನೋಡಿದರು. ಆಮೇಲೆ ನೇರವಾಗಿ ಗೋಡೆಯ ಹತ್ತಿರವಿದ್ದ ಒಂದು ದಪ್ಪ ನೀಲಗಿರಿ ಮರದ ಬುಡಕ್ಕೆ ನಡೆದು ಹೋಗಿ, “ಇಲ್ಲೇ ಕಣೇ,” ಎಂದರು.

ನಾನು ಕೂತೆ. ಹುಲ್ಲನ್ನು ಕೈಯಲ್ಲಿ ಸರಿಸಿ ಮಣ್ಣು ಮುಟ್ಟಿದೆ. ಬಿಸಿಲಿಗೆ ಬೆಚ್ಚಗಿತ್ತು. ಹಾಲು ಎರೆದೆ. ನಾಮಕರಣಕ್ಕೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹೆಸರನ್ನು ಮೂರು ಸಲ ಹೇಳಿದೆ, ತೊಟ್ಟಿಲ ಹತ್ತಿರ ಕಿವಿಯಲ್ಲಿ ಹೇಳುವ ಹಾಗೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅತ್ತೆ, ಹೊಟ್ಟೆ ತುಂಬ ಅತ್ತೆ. ನಮ್ಮವರು ಸ್ವಲ್ಪ ದೂರದಲ್ಲಿ ಬೆನ್ನು ಮಾಡಿ ನಿಂತಿದ್ದರು. ಏಳುವಾಗ ಅವರ ಕೈ ಹಿಡಿದುಕೊಂಡು ಎದ್ದೆ. ಇಷ್ಟು ವರ್ಷ ಈ ಮನುಷ್ಯನನ್ನು ಎಷ್ಟು ಅಂದೆನಲ್ಲ ಎಂದು ನನಗೇ ಮರುಕವಾಯಿತು.

ಆಮೇಲಿನ ದಿನಗಳು ಎಷ್ಟು ಹಗುರವಾಗಿದ್ದವು! ಬಾಯಿಗೆ ರುಚಿ ಬಂತು. ಬಿಸಿಬೇಳೆಬಾತು ಮಾಡಿದೆ, ಗಂಡನನ್ನು ಛೇಡಿಸಿದೆ, ನಿಮ್ಮ ಉಗುರಿನ ಬಣ್ಣ ಊರಿಗೆ ಹೋದರೂ ಹೋಗಲ್ಲ ಬಿಡಿ ಎಂದೆ. ಅವರು ತುತ್ತು ಕಲಸುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು. ಪೆಟ್ಟಿಗೆಗಳನ್ನೂ ಕಟ್ಟಿದೆ. ಅಷ್ಟರಲ್ಲಿ ನೈರೋಬಿಯ ದೊಡ್ಡ ಮಳೆ ಹಿಡಿಯಿತು. ರಸ್ತೆಗಳು ಹೊಳೆಯಾದವು, ಗಾಳಿಗೆ ನಮ್ಮ ಬೀದಿಯಲ್ಲೇ ಎರಡು ಮರ ಬಿದ್ದವು.

ಹೊರಡುವ ಹಿಂದಿನ ದಿನ ಇನ್ನೊಂದು ಸಲ ಹೋಗಿಬರೋಣ, ಮಗುವಿಗೆ ಹೇಳಿ ಬರಬೇಕು ಎಂದೆ. ಅವರು ಮಳೆ ಎಂದರು, ಲಗ್ಗೇಜು ಎಂದರು. ನಾನು ಬಾಟಲಿಗೆ ಹಾಲು ತುಂಬಿ ಬಾಗಿಲಲ್ಲಿ ನಿಂತೆ. ಕೊಡೆ ಹಿಡಿದುಕೊಂಡು ಬಂದರು. ಗೇಟು ದಾಟಿದ ಕೂಡಲೇ ನಾನು ಗೋಡೆಯ ಕಡೆ ನೋಡಿದೆ. ಆ ದಪ್ಪ ನೀಲಗಿರಿ ಇರಲಿಲ್ಲ. ಮಳೆಗಾಳಿಗೆ ಬಿದ್ದಿರಬೇಕು, ಕಡಿದು ಸಾಗಿಸಿದ್ದರು. ಬುಡ ಮಾತ್ರ ನೆಲಮಟ್ಟಕ್ಕೆ ಹಸಿಯಾಗಿ ಉಳಿದಿತ್ತು, ಹುಲ್ಲಿನಲ್ಲಿ ಅರ್ಧ ಮುಚ್ಚಿಹೋಗಿತ್ತು. ನಮ್ಮವರು ಅದನ್ನು ಕಾಣಲಿಲ್ಲ. ಸುತ್ತ ನೋಡಿದರು, ಮರ ಹುಡುಕಿದರು. ಆಮೇಲೆ ನನ್ನ ಮುಂದೆ ದಾಪುಗಾಲು ಹಾಕುತ್ತಾ ಇಳಿಜಾರಿನ ಕೆಳಗೆ, ನದಿಯ ಹತ್ತಿರ ನಿಂತಿದ್ದ ಇನ್ನೊಂದು ನೀಲಗಿರಿಯ ಕಡೆಗೆ ನಡೆದರು. ಅದರ ಬುಡದಲ್ಲಿ ನಿಂತು ಕೊಡೆಯನ್ನು ನನಗೆಂದು ಚಾಚಿದರು.

“ಇಲ್ಲೇ ಕಣೇ.”

ಅದೇ ದನಿ. ಒಂದಿಷ್ಟೂ ತಡವರಿಸಲಿಲ್ಲ. ನಾನು ಮೇಲೆ ಗೋಡೆಯ ಪಕ್ಕದ ಆ ಬುಡವನ್ನು ಕೈಮಾಡಿ ತೋರಿಸಿದೆ. ಮೊನ್ನೆ ಅಲ್ಲಿ ಅಂದಿದ್ರಲ್ರೀ ಎಂದೆ. ಅವರು ಅದನ್ನು ನೋಡಿದರು, ಕಾಲಡಿಯ ನೆಲವನ್ನು ನೋಡಿದರು. ಕೊಡೆ ಕೈಯಿಂದ ಜಾರಿ ಪಕ್ಕಕ್ಕೆ ವಾಲಿತು.

“ನಾನು ಕೆಳಗೆ ಇಳೀಲೇ ಇಲ್ಲ ಕಣೇ,” ಎಂದರು.

ಆವತ್ತು ಗೇಟಿನವರೆಗೆ ಬಂದಾಗ ಕಾಲು ಮುಂದೆ ಬರಲಿಲ್ಲವಂತೆ. ಡಾಕ್ಟರು ಮಗುವನ್ನು ಅವರ ಕೈಯಿಂದ ತೆಗೆದುಕೊಂಡು, ನೀನು ಇಲ್ಲೇ ರಸ್ತೆ ಕಡೆ ಮುಖ ಮಾಡಿ ನಿಂತಿರು, ನಾನು ಬರೋತನಕ ತಿರುಗಿ ನೋಡಬೇಡ ಎಂದು ಹೇಳಿ, ಅಗೆಯುವವನ ಜೊತೆ ಇಳಿದು ಹೋದರಂತೆ. ಗುದ್ದಲಿಯ ಸದ್ದು ಕೇಳುತ್ತಿತ್ತಂತೆ. ಎಡಕ್ಕೋ ಬಲಕ್ಕೋ, ಹತ್ತಿರವೋ ದೂರವೋ ತಿಳಿಯಲಿಲ್ಲವಂತೆ. “ನೋಡ್ಬೇಡ ಅಂದ್ರು,” ಎಂದರು. “ನೋಡಿದ್ರೆ ಮಗೂಗೆ ಒಳ್ಳೇದಾಗಲ್ಲ ಅಂದ್ರು. ನೋಡ್ಲಿಲ್ಲ.” ತಲೆಯ ಮೇಲೆ ಮಳೆ ಸುರಿಯುತ್ತಿದ್ದರೂ ಕೊಡೆ ಎತ್ತಿಕೊಳ್ಳಲಿಲ್ಲ. ಅವರು ಅತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಬೈಯಬೇಕು ಎಂದು ಬಾಯಿ ತೆರೆದೆ. ಯಾರನ್ನು ಬೈಯಲಿ? ಡಾಕ್ಟರು ಇಲ್ಲ. ಅಗೆದವನು ಯಾರೋ. ಎದುರಿಗೆ ನಿಂತವರು ಮಗುವಿಗೆ ಒಳ್ಳೆಯದಾಗಲಿ ಎಂದು ಕತ್ತು ತಿರುಗಿಸದೆ ನಿಂತವರು. ನನ್ನ ಸಿಟ್ಟಿಗೆ ಹೋಗುವುದಕ್ಕೆ ಜಾಗವೇ ಇರಲಿಲ್ಲ.

ಮೇಲೆ ಹತ್ತಿ ಹೋಗಿ ಗೋಡೆಯ ಒಂದು ಮೂಲೆಯಿಂದ ಶುರುಮಾಡಿದೆ. ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿ, ತೊಟ್ಟು ತೊಟ್ಟಾಗಿ ಹಾಲು ಬಿಡುತ್ತಾ ಆ ತುದಿಯವರೆಗೆ ನಡೆದೆ. ಒಂದು ಹೆಜ್ಜೆ ಕೆಳಗಿಳಿದು ಮತ್ತೆ ಈ ತುದಿಗೆ ಬಂದೆ. ನಮ್ಮವರು ಕೊಡೆ ಎತ್ತಿಕೊಂಡು ಹಿಂದೆ ಬಂದರು, ಹಾಲಿಗೆ ಮಳೆ ಬೀಳದ ಹಾಗೆ ಬಾಟಲಿಯ ಮೇಲೆ ಹಿಡಿದರು. ಹಾಗೆ ಹೋಗುತ್ತಾ ಬರುತ್ತಾ ಇಳಿಜಾರಿನ ಅರ್ಧಕ್ಕೆ ಬರುವಷ್ಟರಲ್ಲಿ ಹಾಲು ಮುಗಿದುಹೋಯಿತು. ಕೆಳಗೆ ನದಿಯವರೆಗೆ ಇನ್ನೂ ಅಷ್ಟೇ ನೆಲ ಉಳಿದಿತ್ತು.